ವ್ಯಾನಿಗೆ ಅರವತ್ತನಾಲ್ಕು ಸಾಮಾನು

ಹೊರದೇಶಕ್ಕೆ ಹೋಗುವುದು, ಅಲ್ಲೊಂದು ವ್ಯಾನು ಬಾಡಿಗೆಗೆ ಹಿಡಿಯುವುದು, ಅದರಲ್ಲೇ ಉಂಡು ಅದರಲ್ಲೇ ಮಲಗಿ ಹದಿನೆಂಟು ದಿನ ಸುತ್ತಿ ಬರುವುದು ಎಂದು ತೀರ್ಮಾನವಾದದ್ದು ಒಂದೇ ಸಂಜೆಯಲ್ಲಿ. ಏನೇನು ಒಯ್ಯಬೇಕು ಎಂಬ ಜಗಳ ಮಾತ್ರ ವಾರಗಟ್ಟಲೆ ನಡೆಯಿತು. ಆ ಮನೆಯಲ್ಲಿ ಯಾವುದಕ್ಕೂ ಅಷ್ಟೇ. ತೀರ್ಮಾನ ಬೇಗ ಆಗಿಬಿಡುತ್ತದೆ, ತಕರಾರು ಆಮೇಲೆ ಬಂದು ನಡುಮನೆಯಲ್ಲಿ ಕಾಲು ಚಾಚಿ ಕೂರುತ್ತದೆ.

ಹೋಗುವವರು ನಾಲ್ಕು ಜನ. ಡ್ರೈವಿಂಗ್ ಮೇಷ್ಟ್ರು, ಅವರ ಹೆಂಡತಿ, ಗಂಡನನ್ನು ಬಿಟ್ಟು ನಾಲ್ಕು ವರ್ಷದ ಹಿಂದೆ ತವರಿಗೆ ಬಂದ ಮಗಳು, ಆ ಮಗಳ ಮಗಳು. ಮೊಮ್ಮಗಳಿಗೆ ಹತ್ತು ವರ್ಷ. ಒಂದು ಗಳಿಗೆಯೂ ಬಾಯಿ ಸುಮ್ಮನಿರದ ಕಾರಣ ಅವಳು ಎಲ್ಲರ ಬಾಯಲ್ಲಿ ಗುಬ್ಬಿ. ಮೇಷ್ಟ್ರ ತಾಯಿಗೆ ಎಂಬತ್ತೇಳು. ಆ ಹದಿನೆಂಟು ದಿನ ಆಕೆ ಮೇಷ್ಟ್ರ ತಂಗಿಯ ಮನೆಯಲ್ಲಿರಬೇಕೆಂದು ಮಾತಾಗಿತ್ತು. "ನನ್ನನ್ನೂ ಪಟ್ಟಿಗೆ ಸೇರಿಸ್ರೋ, ನಾಲ್ಕು ಮಡಿಕೆ ಹಾಕಿದ್ರೆ ಚೀಲದಲ್ಲಿ ಹಿಡಿಸ್ತೀನಿ" ಎಂದು ಮುದುಕಿ ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದಳು.

ಮೇಷ್ಟ್ರ ಹೆಂಡತಿ ದೊಡ್ಡಾಸ್ಪತ್ರೆಯ ಉಪಕರಣದ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸಕ್ಕಿದ್ದಳು. ಆಪರೇಷನ್ನಿನ ಕತ್ತರಿ, ಚಿಮಟ, ಕೊಕ್ಕೆಗಳನ್ನು ತೊಳೆದು, ಹಬೆಗೆ ಹಾಕಿ, ಎಣಿಸಿ, ತಟ್ಟೆಯಲ್ಲಿ ಜೋಡಿಸಿ, ಬಟ್ಟೆ ಸುತ್ತಿ ಕಳಿಸುವ ಕೆಲಸ. ಅಲ್ಲೊಂದು ಕಟ್ಟುನಿಟ್ಟಿತ್ತು. ಒಬ್ಬಳು ಪಟ್ಟಿ ಓದಬೇಕು, ಇನ್ನೊಬ್ಬಳು ಆ ಸಾಮಾನನ್ನು ಬೆರಳಿನಿಂದ ಮುಟ್ಟಿ "ಇದೆ" ಅನ್ನಬೇಕು. ಬರೀ ನೋಡಿ ಹೇಳಿದರೆ ನಡೆಯದು. ಒಂದು ಚಿಮಟ ಕಡಿಮೆ ಬಂದರೂ ಅದು ಸಿಗುವ ತನಕ ಇಬ್ಬರೂ ಕೋಣೆ ಬಿಟ್ಟು ಏಳುವ ಹಾಗಿಲ್ಲ. ಹೊಸಬಳೊಬ್ಬಳು ಮುಟ್ಟದೆ "ಇದೆ" ಅಂದುಬಿಟ್ಟು, ಅತ್ತ ಆಪರೇಷನ್ ಅರ್ಧಕ್ಕೆ ನಿಂತು, ಡಾಕ್ಟರು ಕೈ ಚಾಚಿಕೊಂಡು ಕಾದದ್ದನ್ನು ಈಕೆ ಕಣ್ಣಾರೆ ಕಂಡವಳು. ಇಪ್ಪತ್ತಾರು ವರ್ಷದಲ್ಲಿ ಇವಳ ತಟ್ಟೆ ಒಂದೂ ತಪ್ಪಿರಲಿಲ್ಲ. ಅಲ್ಲಿ ಎಲ್ಲರೂ ಲೆಕ್ಕದಮ್ಮ ಎಂದು ಕರೆಯುತ್ತಿದ್ದರು. ಮನೆಯವರೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದರು.

ಇನ್ನು ಮೇಷ್ಟ್ರ ಆಸೆ. ಅದು ಮೂವತ್ತೊಂದು ವರ್ಷದಷ್ಟು ಹಳೆಯದು. ಅಷ್ಟೂ ವರ್ಷ ಅವರು ಕಾರಿನಲ್ಲೇ ಬದುಕಿದರು, ಸ್ಟೀರಿಂಗು ಹಿಡಿದದ್ದು ಮಾತ್ರ ಅಪರೂಪ. ಅವರ ಜಾಗ ಪಕ್ಕದ ಸೀಟು. ಕಾಲಡಿಗೆ ಇನ್ನೊಂದು ಬ್ರೇಕು, ಹೆಗಲಿಗೊಂದು ಟವೆಲ್ಲು, ಬಾಯಲ್ಲಿ "ಕ್ಲಚ್ಚು, ಕ್ಲಚ್ಚು, ಅಯ್ಯೋ ಕ್ಲಚ್ಚು ಅಂದ್ನಲ್ಲಪ್ಪಾ!" ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದ ಮನುಷ್ಯ ಅಂಚೆ ಕಚೇರಿಗೂ ನೀರಿನ ಟ್ಯಾಂಕಿಗೂ ನಡುವಿನ ರಸ್ತೆ ಬಿಟ್ಟು ಆಚೆ ಹೋದವರಲ್ಲ. "ಒಂದೇ ಒಂದು ಸಲ ಉದ್ದದ ರಸ್ತೇಲಿ ನಾನೇ ಓಡಿಸ್ಬೇಕು ಕಣೆ, ನೀನು ಪಕ್ಕದಲ್ಲಿ ಕೂತಿರ್ಬೇಕು" ಎಂದು ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಹೆಂಡತಿಗೆ ಹೇಳಿದ್ದರು. ಆಕೆ ಅದನ್ನು ಮರೆತಿರಲಿಲ್ಲ, ನಂಬಿಯೂ ಇರಲಿಲ್ಲ.

ಆ ಆಸೆಯನ್ನು ಎತ್ತಿ ಹಿಡಿದವಳು ಮಗಳು. ಗೋದಾಮಿನಲ್ಲಿ ಮೇಲ್ವಿಚಾರಕಿಯಾಗಿದ್ದವಳು ಎರಡು ವರ್ಷ ರಜೆ ತೆಗೆಯದೆ ಕೂಡಿಟ್ಟು, ತಾನೇ ವ್ಯಾನು ಕಾದಿರಿಸಿದಳು. ಓಡಿಸುವುದಕ್ಕೆ ಮೇಷ್ಟ್ರೊಬ್ಬರೇ. ಮಗಳಿಗೆ ಗಾಡಿ ಬಾರದು. ಊರಿಗೆಲ್ಲ ಕಲಿಸಿದ ಅಪ್ಪ ಮಗಳಿಗೆ ಕಲಿಸಲು ಹೋಗಿ ಮೊದಲ ದಿನವೇ ಎಷ್ಟು ಕೂಗಾಡಿದ್ದರೆಂದರೆ, ಹುಡುಗಿ ಸಿಗ್ನಲ್ಲಿನಲ್ಲಿ ಬಾಗಿಲು ತೆಗೆದು ಇಳಿದು ಮನೆಗೆ ನಡೆದುಕೊಂಡೇ ಬಂದಿದ್ದಳು. ಆಮೇಲೆ ಅವಳು ಸ್ಟೀರಿಂಗು ಮುಟ್ಟಿದ್ದಿಲ್ಲ.

ಮೊದಲ ಜಗಳ ಕುಕ್ಕರಿನದು.

"ಅಮ್ಮಾ, ಒಬ್ಬೊಬ್ರಿಗೆ ಒಂದೇ ಚೀಲ. ಅದೂ ಮೆತ್ತನೇದು. ಗಟ್ಟಿ ಪೆಟ್ಟಿಗೆ ತಂದ್ರೆ ವ್ಯಾನಲ್ಲಿ ಇಡೋಕೆ ಜಾಗ ಇಲ್ಲ ಅಂತ ಕಂಪನಿಯವ್ರೇ ಬರೆದಿದ್ದಾರೆ" ಎಂದಳು ಮಗಳು.

"ಕುಕ್ಕರು ಪೆಟ್ಟಿಗೆ ಅಲ್ವಲ್ಲ."

"ಅಲ್ಲಿ ಪಾತ್ರೆ ಕೊಡ್ತಾರಮ್ಮ."

"ಅದರಲ್ಲಿ ಯಾರ್ಯಾರು ಏನೇನು ಬೇಯಿಸಿದ್ರೋ! ಬೇಳೆ ಏನು ಬಿಸಿಲಿಗಿಟ್ಟು ಬೇಯಿಸ್ಲಾ?"

"ಲೆಕ್ಕದಮ್ಮಾ," ಎಂದರು ಮೇಷ್ಟ್ರು ಕುರ್ಚಿಯಿಂದ, "ನಾವು ಸುತ್ತೋಕೆ ಹೋಗ್ತಿದ್ದೀವೋ, ಆಪರೇಷನ್ ಮಾಡೋಕೆ ಹೋಗ್ತಿದ್ದೀವೋ?"

ಪಟ್ಟಿಯಿಂದ ಕುಕ್ಕರು ಬಿತ್ತು. ದಿಂಬು ಬಿತ್ತು. ಇಸ್ತ್ರಿಪೆಟ್ಟಿಗೆಯನ್ನು ಹಾಕಿದ್ದು ಯಾರೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ಉಳಿದದ್ದನ್ನು ಲೆಕ್ಕದಮ್ಮ ಉದ್ದದ ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಒಂದನೆಯದು ಔಷಧಿ ಡಬ್ಬಿ. ಆಮೇಲೆ ಮಳೆ ಕೋಟು ನಾಲ್ಕು, ಬಟ್ಟೆ ಒಣಹಾಕುವ ಹಗ್ಗ, ಕ್ಲಿಪ್ಪು ಹನ್ನೆರಡು, ಸೂಜಿ ದಾರ, ಒಂದೇ ಒಂದು ಚಾಕು, ಹದಿನೇಳನೆಯದು ಟಾರ್ಚು, ಹೀಗೆ ಅರವತ್ತಮೂರು. ಅರವತ್ತನಾಲ್ಕನೆಯದನ್ನು ಮೇಷ್ಟ್ರು ಬರೆಸಿದರು. ಲೈಸೆನ್ಸು.

"ಅದು ಜೇಬಲ್ಲಿ ಇರುತ್ತಲ್ರೀ, ಪಟ್ಟಿಗೆ ಯಾಕೆ?"

"ಬರಿ. ಅದಿಲ್ದೆ ಮಿಕ್ಕ ಅರವತ್ಮೂರು ತಗೊಂಡು ಹೋಗಿ ಏನು ಮಾಡ್ತೀಯ?"

ಮೂರನೆಯ ವಾರ ಗುಬ್ಬಿಯೂ ಮಗಳೂ ತಾರಸಿಯ ಮೇಲೆ ಟೇಪು ಹಿಡಿದು ಸೀಮೆಸುಣ್ಣದಲ್ಲಿ ವ್ಯಾನಿನ ನೆಲ ಬರೆದರು. ಅಗಲ ಒಂದು ಮಾರಿಗೆ ಸ್ವಲ್ಪ ಹೆಚ್ಚು, ಉದ್ದ ಮೂರು ಮಾರು. ಇಲ್ಲಿ ಒಲೆ, ಇಲ್ಲಿ ಮಡಚುವ ಮಂಚ, ಮುಂದೆ ಎರಡು ಸೀಟು. ಸಂಜೆ ನಾಲ್ವರೂ ಅದರೊಳಗೇ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ಗೆರೆ ದಾಟಿದವರು ಪಾತ್ರೆ ತೊಳೆಯಬೇಕು ಎಂದು ಗುಬ್ಬಿಯ ಕಾನೂನು. ಮೇಷ್ಟ್ರು ಮೂರು ಸಲ ದಾಟಿದರು. "ತಾತ, ಗೆರೆ ಕಣ್ಣೆದುರಿಗೇ ಇದೆ!" ಎಂದು ಹುಡುಗಿ ನಕ್ಕಳು. ಎಲ್ಲರೂ ನಕ್ಕರು. ಮೇಷ್ಟ್ರು ಪಾತ್ರೆ ತೊಳೆದರು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕ ಕೊನೆಯ ಊಟ ಅದು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಮಾಡಿದ ಚಹಾದಲ್ಲಿ ಉಪ್ಪಿತ್ತು. ಸಕ್ಕರೆ ಡಬ್ಬಿಯೂ ಉಪ್ಪಿನ ಡಬ್ಬಿಯೂ ಒಂದೇ ತರಹ, ಯಾರಿಗಾದರೂ ಆಗುವಂಥದ್ದೇ. ಪತ್ರಿಕೆಯನ್ನು ಗುಬ್ಬಿಯಿಂದ ಓದಿಸುವುದು ಶುರುವಾಗಿ ಆರು ತಿಂಗಳಾಗಿತ್ತು. ಹುಡುಗಿಯ ಓದು ಸುಧಾರಿಸಲಿ ಎಂದು ಕಾರಣ ಕೊಟ್ಟಿದ್ದರು, ಸುಧಾರಿಸಿಯೂ ಇತ್ತು. ಒಂದು ಮಧ್ಯಾಹ್ನ ಮುದುಕಿ ಸೊಸೆಯನ್ನು ಹತ್ತಿರ ಕರೆದಳು.

"ಏನೇ, ನಿನ್ನ ಗಂಡ ನಿನ್ನ ಜೊತೆ ಮಾತಾಡೋವಾಗ ಎಲ್ಲಿ ನೋಡ್ತಾನೆ?"

"ಎಲ್ಲಿ ಅಂದ್ರೆ? ನನ್ನನ್ನೇ ನೋಡ್ತಾರೆ, ಇನ್ನೇನು."

"ಸರಿಯಾಗಿ ನೋಡು. ನಿಮ್ಮ ಮಾವನೂ ಕೊನೆ ಕೊನೆಗೆ ನನ್ನ ಕಿವಿ ಜೊತೆ ಮಾತಾಡ್ತಿದ್ರು. ಆಮೇಲೆ ಗೋಡೆ ಜೊತೆ."

"ಬಿಡಿ ಅತ್ತೆ, ನಿಮಗೆ ಹೊತ್ತು ಹೋಗಲ್ಲ" ಎಂದು ಲೆಕ್ಕದಮ್ಮ ಎದ್ದು ಬಂದಳು. ಅಂದು ಸಂಜೆ ಮೇಷ್ಟ್ರು "ನಾಳೆ ಹಾಲಿಗೆ ಹೇಳಿದ್ದೀಯಾ?" ಎಂದು ಕೇಳಿದಾಗ ಅವರ ನೋಟ ಅವಳ ಬಲಗಿವಿಯ ಓಲೆಯ ಮೇಲಿತ್ತು. ಅವಳು ಓಲೆ ಮುಟ್ಟಿ ನೋಡಿಕೊಂಡಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಪ್ರತಿ ಭಾನುವಾರ ಚೀಲದ ಲೆಕ್ಕ ನಡೆಯುತ್ತಿತ್ತು. ನಡುಮನೆಯಲ್ಲಿ ಬಿಳಿ ದುಪ್ಪಟಿ ಹಾಸಿ, ಸಾಮಾನನ್ನು ಸಾಲಾಗಿ ಜೋಡಿಸಿ, ಆಕೆ ಪಟ್ಟಿ ಓದುವುದು, ಮೇಷ್ಟ್ರು ಮುಟ್ಟಿ "ಇದೆ" ಅನ್ನುವುದು. ಐದನೆಯ ಭಾನುವಾರ ಮೇಷ್ಟ್ರು ಮುಟ್ಟುವುದು ಬಿಟ್ಟು ಬರೀ ಬೆರಳು ತೋರಿಸುತ್ತಿದ್ದರು.

"ಔಷಧಿ ಡಬ್ಬಿ."

"ಇದೆ."

"ಮಳೆ ಕೋಟು ನಾಲ್ಕು."

"ಇದೆ, ಇದೆ, ಮುಂದೆ ಹೋಗು."

"ಟಾರ್ಚು."

"ಇದೆ."

ಟಾರ್ಚು ಇರಲಿಲ್ಲ. ಬೆಳಿಗ್ಗೆ ಮುದುಕಿಯ ಮಂಚದ ಕೆಳಗೆ ಬಿದ್ದ ಗುಳಿಗೆ ಹುಡುಕಲು ಲೆಕ್ಕದಮ್ಮನೇ ತೆಗೆದುಕೊಂಡು ಹೋಗಿ ಅಲ್ಲೇ ಬಿಟ್ಟಿದ್ದಳು. ದುಪ್ಪಟಿಯ ಮೇಲೆ ಚಾಕುವಿಗೂ ಬೆಂಕಿಪೊಟ್ಟಣಕ್ಕೂ ನಡುವೆ ಅಂಗೈಯಗಲ ಜಾಗ ಖಾಲಿ ಬಿದ್ದಿತ್ತು. ಮೇಷ್ಟ್ರ ಬೆರಳು ಸರಿಯಾಗಿ ಆ ಖಾಲಿ ಜಾಗವನ್ನೇ ತೋರಿಸುತ್ತಿತ್ತು.

ಅವಳು ಬೆಂಕಿಪೊಟ್ಟಣವನ್ನು ಸದ್ದಾಗದಂತೆ ಎತ್ತಿ ಮಡಿಲಲ್ಲಿಟ್ಟುಕೊಂಡು ಓದಿದಳು.

"ಬೆಂಕಿಪೊಟ್ಟಣ."

"ಇದೆ."

ಅದರಾಚೆಗಿದ್ದ ಬಾಚಣಿಗೆಯನ್ನೂ ಎತ್ತಿಕೊಂಡು ಓದಿದಳು. "ಇದೆ" ಎಂದರು ಮೇಷ್ಟ್ರು. ಗಂಡ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ ಎಂಬುದು ಅವಳಿಗೆ ಆಗ ಹೊಳೆಯಿತು. ಹಾಳೆಯ ಕೊನೆಯ ತನಕ ಓದಿ ಮುಗಿಸಿದಳು. ಗುಬ್ಬಿ ಪಕ್ಕದಲ್ಲೇ ಕೂತಿದ್ದಳು, ಅಂದು ಮಾತ್ರ ಆ ಬಾಯಿ ಮುಚ್ಚಿತ್ತು. ಅದನ್ನು ಲೆಕ್ಕದಮ್ಮ ಗಮನಿಸಬೇಕಿತ್ತು, ಗಮನಿಸಲಿಲ್ಲ.

ಮರುದಿನ ಮಗಳು ಕೆಲಸಕ್ಕೂ ಹುಡುಗಿ ಶಾಲೆಗೂ ಹೋದ ಮೇಲೆ, ಅಡುಗೆಮನೆಯ ಮೇಜಿಗೆ ಇಬ್ಬರೂ ಆಲೂಗಡ್ಡೆ ಸುಲಿಯುತ್ತ ಕೂತಿದ್ದರು. ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಬರೀ ಬೆರಳಿನ ಅಂದಾಜಿನಲ್ಲಿ ಸುಲಿಯುತ್ತಿದ್ದರು.

"ಎಷ್ಟು ದಿನದಿಂದ?" ಎಂದಳು.

"ಏನು?"

"ಕಣ್ಣು."

ಮೇಷ್ಟ್ರು ಚಾಕು ಕೆಳಗಿಟ್ಟರು. ಸುಳ್ಳು ಹೇಳುತ್ತಾರೇನೋ ಎಂದು ಅವಳು ಕಾದಳು. ಹೇಳಿದ್ದರೆ ಚೆನ್ನಾಗಿತ್ತು, ಬೈದು ಹಗುರಾಗಬಹುದಿತ್ತು.

"ಒಂದು ವರ್ಷ ಆಯ್ತು. ಡಾಕ್ಟರ ಹತ್ರ ಹೋಗಿದ್ದೆ. ಕಣ್ಣಿನ ಹಿಂದಿನ ಪರದೆ ನಡುವೆ ಕೆಡ್ತಾ ಇದೆಯಂತೆ. ಕನ್ನಡಕದಿಂದ ಆಗೋದಲ್ವಂತೆ."

"ಏನು ಕಾಣುತ್ತೆ ಈಗ?"

"ಅಂಚೆಲ್ಲ ಕಾಣುತ್ತೆ. ನಡುವೆ ಮಾತ್ರ ಒದ್ದೆ ಬೆರಳಲ್ಲಿ ಒರೆಸಿದ ಹಾಗೆ. ನಿನ್ನ ಕಿವಿ ನೋಡಿದ್ರೆ ಮುಖ ಸ್ವಲ್ಪ ಸಿಗುತ್ತೆ. ಮುಖ ನೋಡಿದ್ರೆ ಮುಖ ಸಿಗಲ್ಲ."

"ಹೋದ ತಿಂಗಳು ತಾನೆ ಲೈಸೆನ್ಸಿಗೆ ಅಂತ ಕಣ್ಣಿನ ಪರೀಕ್ಷೆ ಪಾಸಾಗಿ ಕಾಗದ ತಂದ್ರಿ?"

ಮೇಷ್ಟ್ರು ನಕ್ಕರು. ಅಂಥ ನಗುವನ್ನು ಆ ಬಾಯಲ್ಲಿ ಅವಳು ಹಿಂದೆ ಕೇಳಿರಲಿಲ್ಲ. "ಆ ಅಕ್ಷರದ ಗೋಡೆ ಪಟ್ಟಿ ಮುಂದೆ ಮೂವತ್ತೊಂದು ವರ್ಷ ಶಿಷ್ಯರನ್ನ ನಿಲ್ಸಿದ್ದೀನಿ ಕಣೆ. ಒಬ್ಬೊಬ್ರೂ ಗಟ್ಟಿಯಾಗಿ ಓದ್ತಾರೆ, ನಾನು ಬಾಗಿಲಲ್ಲಿ ನಿಂತು ಕೇಳ್ತೀನಿ. ಮೇಲಿಂದ ಕೆಳಗೆ ಬೇಕಾ, ಕೆಳಗಿಂದ ಮೇಲೆ ಬೇಕಾ? ನಿದ್ದೇಲಿ ಎಬ್ಬಿಸಿದ್ರೂ ಹೇಳ್ತೀನಿ."

"ಶಿಷ್ಯರನ್ನ ಕೂರಿಸ್ಕೊಂಡು ದಿನಾ ಓಡಾಡ್ತಿದ್ದೀರಲ್ರೀ!"

"ಶಬ್ದದಲ್ಲೇ ಗೊತ್ತಾಗುತ್ತೆ. ಆ ರಸ್ತೆ ನನ್ನ ಅಂಗೈ ಇದ್ದ ಹಾಗೆ."

"ಆ ದೇಶದ ರಸ್ತೆ ಯಾರ ಅಂಗೈ?"

ಅವರು ಸುಲಿದ ಸಿಪ್ಪೆಯನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿದರು. ಆಮೇಲೆ, ತುಂಬಾ ಮೆಲ್ಲಗೆ, "ಹದಿನೆಂಟು ದಿನ ಕಣೆ. ಅಷ್ಟೇ. ಬಂದ ಮೇಲೆ ನಾನೇ ಬಿಟ್ಬಿಡ್ತೀನಿ, ನೀನು ಹೇಳೋದೇ ಬೇಡ. ಅಲ್ಲಿ ರಸ್ತೆ ಖಾಲಿ ಇರುತ್ತಂತೆ, ಮೈಲಿಗಟ್ಟಲೆ" ಎಂದರು.

"ಖಾಲಿ ಇದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಕುಕ್ಕರು ಕೂಗಿತು. ಅವಳು ಎದ್ದು ಒಲೆ ಆರಿಸಿದಳು. ಬೆನ್ನ ಹಿಂದೆ ಮೇಷ್ಟ್ರು, "ಮಗಳಿಗೆ ನಾನೇ ಹೇಳ್ತೀನಿ. ಬರೋ ಭಾನುವಾರ. ಅಲ್ಲಿ ತನಕ ಬಾಯಿ ಬಿಡ್ಬೇಡ. ನನ್ನಾಣೆ" ಎಂದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮನುಷ್ಯ ತನಗಾಗಿ ಏನನ್ನೂ ಬೇಡಿದ್ದಿಲ್ಲ. ಅವಳು ಆಯಿತು ಅಂದಳು. ಹೀಗೆ ಆಯಿತು ಅಂದದ್ದೇ ಅವಳ ತಪ್ಪು.

ಭಾನುವಾರ ಬಂತು. ಮೇಷ್ಟ್ರು ಊಟಕ್ಕೆ ಕೂತು ಗಂಟಲು ಸರಿಮಾಡಿಕೊಂಡರು. ಮಗಳು ಅಷ್ಟರಲ್ಲಿ ದಾರಿಯ ನಕಾಶೆ ಬಿಡಿಸಿ, "ಅಪ್ಪಾ, ಇಲ್ಲೊಂದು ಕೆರೆ ಇದೆ, ರಸ್ತೆ ಅದರ ದಡದಲ್ಲೇ ಹೋಗುತ್ತೆ. ಎರಡು ಗಂಟೆ ನೀರು ಬಿಟ್ಟು ಬೇರೇನೂ ಕಾಣಲ್ವಂತೆ. ಈ ನಾಲ್ಕು ವರ್ಷದಲ್ಲಿ ನಾನು ಏನಕ್ಕೂ ಹೀಗೆ ಕಾದಿಲ್ಲಪ್ಪ" ಎಂದಳು. ಮೇಷ್ಟ್ರು "ಇನ್ನೊಂಚೂರು ಅನ್ನ ಹಾಕು" ಎಂದರು. ಊಟವಾದ ಮೇಲೆ ದುಪ್ಪಟಿ ಹಾಸಿದರು. ಲೆಕ್ಕದಮ್ಮ ಓದಿದಳು, ಗಂಡ "ಇದೆ" ಅಂದರು, ಅವರು ಮುಟ್ಟಲಿಲ್ಲ, ಅವಳು ಒಂದೊಂದಕ್ಕೂ ಗುರುತು ಹಾಕುತ್ತ ಹೋದಳು. ಇಪ್ಪತ್ತಾರು ವರ್ಷದಲ್ಲಿ ಹಾಕದ ಸುಳ್ಳು ಗುರುತುಗಳನ್ನು ಒಂದೇ ಮಧ್ಯಾಹ್ನದಲ್ಲಿ ಹಾಕಿ ಮುಗಿಸಿದಳು. ಆಸ್ಪತ್ರೆಯಲ್ಲಿ ಆ ವಾರ ಅವಳಿಗೆ ಪದೇ ಪದೇ ಲೆಕ್ಕ ತಪ್ಪಿತು. "ಏನಕ್ಕಾ, ಮನಸ್ಸು ಆಗಲೇ ವಿಮಾನ ಹತ್ತಿಬಿಟ್ಟಿದೆಯಾ?" ಎಂದು ಜೊತೆಯವಳು ಚುಡಾಯಿಸಿದಳು. ಇವಳಿಗೆ ನಗಲಾಗಲಿಲ್ಲ.

ಹತ್ತನೆಯ ದಿನ, ಬುಧವಾರ, ಗುಬ್ಬಿ ಶಾಲೆಯಿಂದ ಬಂದ ಮೇಲೆ ಅವಳ ಪ್ರಯಾಣದ ಚೀಲವನ್ನು ಲೆಕ್ಕದಮ್ಮ ಬಿಚ್ಚಿದಳು. ಹುಡುಗಿ ಒಳಗೆ ಗೊಂಬೆ ತುರುಕಿದ್ದಾಳೆಂದು ಅವಳಿಗೆ ಅನುಮಾನ. ಗೊಂಬೆ ಇರಲಿಲ್ಲ. ಸ್ವೆಟರಿನ ಮಡಿಕೆಯೊಳಗೆ ಒಂದು ನೋಟ್‌ಬುಕ್ಕಿತ್ತು. ಮೊದಲ ಪುಟದಲ್ಲಿ ದಪ್ಪ ಅಕ್ಷರ: ತಾತನಿಗೆ ಹೇಳಬೇಕಾದ್ದು. ಕೆಳಗೆ: ಕೆಂಪು ದೀಪ, ಹಸಿರು ದೀಪ, ಜನ, ಸೈಕಲ್ಲು, ನಾಯಿ, ಎದುರಿಂದ ಲಾರಿ. ಮುಂದಿನ ಪುಟಗಳಲ್ಲಿ ರಸ್ತೆ ಬದಿಯ ಫಲಕಗಳ ಚಿತ್ರ, ಬಣ್ಣ ಸಮೇತ, ಒಂದೊಂದರ ಪಕ್ಕ ಅರ್ಥ. ಮುಂದಿನ ಸೀಟು ನನ್ನದು, ಅಜ್ಜಿ ಹಿಂದೆ, ಎಂದು ಒಂದು ಕಡೆ ಬರೆದಿತ್ತು.

"ಇದೇನೇ ಗುಬ್ಬಿ?"

ಹುಡುಗಿಯ ಮುಖ ಬಿಳಿಚಿಕೊಂಡಿತು. "ಅದು ಆಟ."

"ಯಾವ ಆಟ?"

"ನಾನೂ ತಾತನೂ. ಸಂಜೆ ರಸ್ತೆ ತುದೀಲಿ ನಿಂತು ಆಡ್ತೀವಿ. ನಾನು ಬೇಗ ಬೇಗ ಹೇಳ್ಬೇಕು, ತಾತ ಕಾಲಲ್ಲಿ ಬ್ರೇಕ್ ಒತ್ತೋ ಹಾಗೆ ಮಾಡ್ತಾರೆ. ಅಮ್ಮಂಗೆ ಹೇಳ್ಬಾರ್ದು ಅಂತ..." ಅವಳ ಮಾತು ಅರ್ಧಕ್ಕೆ ನಿಂತಿತು. ಆಮೇಲೆ ಒಂದೇ ಉಸಿರಿನಲ್ಲಿ, "ನಾನು ತಪ್ಪು ಹೇಳಲ್ಲ ಅಜ್ಜಿ, ಒಂದ್ಸಲಾನೂ ತಪ್ಪು ಹೇಳಿಲ್ಲ. ಆದ್ರೆ ದಾರೀಲಿ ನಂಗೆ ನಿದ್ದೆ ಬಂದ್ರೆ ಏನು ಮಾಡೋದು?" ಎಂದು ಕೇಳಿದಳು.

ಹತ್ತು ವರ್ಷದ ಕೂಸು ಎಷ್ಟು ದಿನದಿಂದ ಈ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಬರುತ್ತಿತ್ತೋ! ಲೆಕ್ಕದಮ್ಮ ಹುಡುಗಿಯನ್ನು ಹತ್ತಿರ ಎಳೆದುಕೊಂಡು, "ನಿಂಗೆ ನಿದ್ದೆ ಬಂದ್ರೆ ನೀನು ಮಲಗ್ಬೇಕು, ಅಷ್ಟೇ" ಎಂದಳು. ಗಂಡನಿಗೆ ಕೊಟ್ಟ ಮಾತು ಆ ಗಳಿಗೆಯಲ್ಲಿ ಮುರಿಯಿತು.

ಸಂಜೆ ಮಗಳು ಬಂದು ಕೈಕಾಲು ತೊಳೆದು ಊಟಕ್ಕೆ ಕೂತಳು. ಮೇಷ್ಟ್ರೂ ಮುದುಕಿಯೂ ಕೂತರು. ಗುಬ್ಬಿಯನ್ನು ಪಕ್ಕದ ಮನೆಗೆ ಕಳಿಸಿದ್ದಾಯಿತು. ಲೆಕ್ಕದಮ್ಮ ತಟ್ಟೆಗೆ ಬಡಿಸುವ ಬದಲು ನೋಟ್‌ಬುಕ್ಕನ್ನು ಮಗಳ ಮುಂದಿಟ್ಟಳು. ಕಣ್ಣಿನದು, ಗೋಡೆ ಪಟ್ಟಿಯದು, ಟಾರ್ಚಿನದು, ಒಂದೂ ಬಿಡದೆ ಹೇಳಿದಳು.

ಮಗಳು ಪುಟ ತಿರುವಿದಳು. ಕೊನೆಯ ತನಕ ಓದಿ ಪುಸ್ತಕ ಮುಚ್ಚಿದಳು.

"ನನ್ನ ಮಗೂನ ಕಣ್ಣು ಮಾಡ್ಕೊಂಡ್ರಾ ಅಪ್ಪಾ?"

"ಅವಳು ಚುರುಕು. ಬರೀ ಸಹಾಯಕ್ಕೆ ಅಂತ..."

"ಸಹಾಯ! ಲಾರಿ ಬಂದ್ರೆ ಹತ್ತು ವರ್ಷದ ಹುಡುಗಿ ಹೇಳ್ಬೇಕು, ನೀವು ಬ್ರೇಕ್ ಒತ್ಬೇಕು. ಅವಳು ಒಂದು ಕ್ಷಣ ಆಕಡೆ ನೋಡಿದ್ರೆ? ಜೀವನ ಪೂರ್ತಿ ಅವಳು ಅದನ್ನ ಹೊತ್ಕೊಂಡು ತಿರುಗ್ಬೇಕಿತ್ತಾ, ಬದುಕಿ ಉಳಿದಿದ್ರೆ?"

"ಕೂಗಾಡ್ಬೇಡ."

"ನೀವು ಕೂಗಾಡಿದ್ದು ಮರ್ತುಹೋಯ್ತಾ? ಕನ್ನಡಿ ನೋಡದೆ ತಿರುಗಿಸ್ದೆ ಅಂತ ಸಿಗ್ನಲ್ಲಲ್ಲಿ ಹತ್ತು ಜನದ ಮುಂದೆ ಬೈದ್ರಲ್ಲ. 'ಕಣ್ಣಿಲ್ದೋರಿಗೆ ಗಾಡಿ ಯಾಕೆ' ಅಂದ್ರಿ. ನೆನಪಿದೆಯಾ?"

ಮೇಷ್ಟ್ರು ತಟ್ಟೆಯ ಅಂಚನ್ನು ಸವರುತ್ತ ಕೂತಿದ್ದರು. ಮಗಳು ತಾಯಿಯ ಕಡೆ ತಿರುಗಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಹತ್ತು ದಿನ ಆಯ್ತು."

"ಹತ್ತು ದಿನ! ಊರಿಗೆಲ್ಲ ಲೆಕ್ಕ ಹೇಳೋ ನೀನು? ಇವತ್ತು ಆ ಪುಸ್ತಕ ಸಿಗದೆ ಇದ್ದಿದ್ರೆ ಏನಮ್ಮ, ವಿಮಾನ ಹತ್ತಿಸ್ತಿದ್ಯಾ ನಮ್ಮನ್ನ?"

ಹತ್ತಿಸುತ್ತಿರಲಿಲ್ಲ ಎಂದು ಹೇಳಲು ಲೆಕ್ಕದಮ್ಮ ಬಾಯಿ ತೆರೆದಳು, ಮಾತು ಬರಲಿಲ್ಲ. "ನಾನು ಅವತ್ತೇ ಹೇಳಿದ್ನಲ್ಲೇ" ಎಂದು ಮುದುಕಿ ಗೊಣಗಿದಳು, "ಈ ಮನೇಲಿ ಮುದುಕಿ ಮಾತು ಯಾರಿಗೆ ಬೇಕು?" ಮೇಷ್ಟ್ರು ಎದ್ದು, ಬಾಗಿಲ ಚೌಕಟ್ಟನ್ನು ಕೈಯಿಂದ ಹುಡುಕಿ ಹಿಡಿದು ಹೊರಗೆ ಹೋದರು. ಅವರು ಹಾಗೆ ಹುಡುಕಿಕೊಂಡು ನಡೆಯುವುದನ್ನು ಮನೆಯವರು ನೋಡಿದ್ದು ಅದೇ ಮೊದಲು. ಅಲ್ಲಿ ತನಕ ಅದನ್ನೂ ಅವರು ಮುಚ್ಚಿಟ್ಟುಕೊಂಡಿದ್ದರು. ಅಂದು ಯಾರೂ ಉಣ್ಣಲಿಲ್ಲ.

ವ್ಯಾನು ರದ್ದಾಯಿತು. ಮಗಳು ಕೂಡಿಟ್ಟ ರಜೆಯನ್ನು ವಾಪಸು ಕೊಟ್ಟು ಕೆಲಸಕ್ಕೆ ಹೋದಳು. ತಂದೆಯ ಜೊತೆ ಮಾತಿಲ್ಲ, ತಾಯಿಯ ಜೊತೆ ಬೇಕಾದಷ್ಟೇ. ತುಂಬಿದ ನಾಲ್ಕು ಚೀಲಗಳು ನಡುಮನೆಯ ಗೋಡೆಗೆ ಒರಗಿ ಹಾಗೇ ಇದ್ದವು. ಕಸ ಗುಡಿಸುವಾಗ ಎಲ್ಲರೂ ಅವುಗಳ ಸುತ್ತ ಗುಡಿಸಿ ಮುಂದೆ ಹೋಗುತ್ತಿದ್ದರು. ಕಲಿಯಲು ಬಂದ ಶಿಷ್ಯರಿಗೆ ಮೈಗೆ ಹುಷಾರಿಲ್ಲ ಎಂದು ಹೇಳಿ ಕಳಿಸಿದ್ದಾಯಿತು. ಎರಡು ಬ್ರೇಕಿನ ಆ ಹಳೇ ಕಾರು ಬಾಗಿಲಲ್ಲಿ ದೂಳು ತಿನ್ನುತ್ತ ನಿಂತಿತು.

ಒಂದು ಮಧ್ಯಾಹ್ನ ಬಟ್ಟೆ ತೆಗೆಯಲು ಲೆಕ್ಕದಮ್ಮ ತಾರಸಿಗೆ ಹೋದರೆ, ಅರ್ಧ ಅಳಿಸಿದ ಸೀಮೆಸುಣ್ಣದ ವ್ಯಾನಿನಲ್ಲಿ, ಮುಂದಿನ ಸೀಟಿನ ಜಾಗದಲ್ಲಿ, ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಗುಬ್ಬಿ ಗೆರೆಯ ಆಚೆ ನಿಂತಿದ್ದಳು.

"ನಾನು ಅಜ್ಜಿಗೆ ಹೇಳ್ಬಾರ್ದಿತ್ತು ಅಲ್ವಾ ತಾತ? ಅದಕ್ಕೇ ಎಲ್ಲ ಹಾಳಾಯ್ತು."

"ನೀನು ಹೇಳಿದ್ದೇ ಸರಿ ಪುಟ್ಟಿ. ನಿನ್ನ ಕೈಲಿ ಮುಚ್ಚಿಡಿಸಿದ್ನಲ್ಲ, ಅದು ತಪ್ಪು. ಹಾಳು ಮಾಡಿದ್ದು ನಾನು, ನೀನಲ್ಲ."

ಹುಡುಗಿ ಗೆರೆ ದಾಟಿ ಒಳಗೆ ಹೋಗಲಿಲ್ಲ. ಲೆಕ್ಕದಮ್ಮ ಬಟ್ಟೆ ಅಲ್ಲೇ ಬಿಟ್ಟು ಇಳಿದು ಬಂದಳು.

ಅದಾದ ಎರಡನೆಯ ದಿನ ಮೇಷ್ಟ್ರು ಬೆಳಿಗ್ಗೆಯೇ ಬಸ್ಸು ಹತ್ತಿ ಒಬ್ಬರೇ ಎಲ್ಲಿಗೋ ಹೋದರು. ಹೋಗುವಾಗ ಹೇಳಲಿಲ್ಲ. ಊಟದ ಹೊತ್ತು ಮೀರಿ ಬಂದು, ಬೂಟು ಬಿಚ್ಚುತ್ತ, "ಕೊಟ್ಟು ಬಂದೆ" ಎಂದರು.

"ಏನು?"

"ಲೈಸೆನ್ಸು. ಕಚೇರೀಲಿ ಕಿಟಕಿ ಒಳಗೆ ಕೂತಿದ್ದವನು ನನ್ನ ಹಳೇ ಶಿಷ್ಯ. ದನಿಯಿಂದ ಗುರುತು ಹಿಡಿದೆ. ಮೇಜಿನ ಮೇಲಿಟ್ಟು ಎದ್ದು ಬಂದೆ. ಮೇಷ್ಟ್ರು ಮರೆತು ಬಿಟ್ಟು ಹೋದ್ರು ಅಂದ್ಕೊಂಡು ಪಾಪ ಗೇಟಿನ ತನಕ ಹಿಂದೆ ಓಡಿಬಂದ."

"ಏನಂದ್ರಿ ಅವನಿಗೆ?"

"ಮರೆತಿಲ್ಲಪ್ಪಾ ಅಂದೆ. ಅವನಿಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಅನ್ನ ಇದೆಯಾ?"

ಅವಳು ಬಡಿಸಿದಳು. ಉಪ್ಪಿನ ಡಬ್ಬಿಯನ್ನು ಅವರ ಕೈಗೆ ಸಿಗುವಂತೆ ಇಟ್ಟಳು. ಸಂಜೆ ಮಗಳಿಗೆ ವಿಷಯ ತಿಳಿಯಿತು. ಅವಳು ಅಪ್ಪನಿಗೆ ಒಂದು ಲೋಟ ಚಹಾ ಮಾಡಿ ತಂದು ಕೈಗೇ ಕೊಟ್ಟಳು, ಮೇಜಿನ ಮೇಲೆ ಇಡಲಿಲ್ಲ. ಮಾತು ಶುರುವಾಗಲು ಇನ್ನೂ ದಿನ ಬೇಕಿತ್ತು.

ಹೊರಡಬೇಕಿದ್ದ ಭಾನುವಾರವೂ ಬಂತು. ಬೆಳಿಗ್ಗೆ ಹತ್ತಕ್ಕೆ ವಿಮಾನ ನಿಲ್ದಾಣದಲ್ಲಿರಬೇಕಿತ್ತು. ಆ ಹೊತ್ತಿಗೆ ಮಗಳು ಗುಬ್ಬಿಯನ್ನು ಕರೆದುಕೊಂಡು ಚಪ್ಪಲಿ ಕೊಡಿಸಲು ಪೇಟೆಗೆ ಹೋದಳು. ಮುದುಕಿ ಬಿಸಿಲಿಗೆ ಕೂತಿದ್ದಳು. ಮೇಷ್ಟ್ರು ಚೀಲಗಳನ್ನು ಒಂದೊಂದಾಗಿ ಎಳೆದು ನಡುಮನೆಯ ಮಧ್ಯಕ್ಕೆ ತಂದರು.

"ದುಪ್ಪಟಿ ಹಾಸು. ಬಿಚ್ಚೋಣ."

"ನಾನೊಬ್ಳೇ ಬಿಚ್ತೀನಿ ಬಿಡ್ರೀ. ಅಲ್ಲಲ್ಲಿ ಇಟ್ರೆ ಆಯ್ತು."

"ಹಾಗಲ್ಲ. ಲೆಕ್ಕ ಮಾಡಿಯೇ ಬಿಚ್ಬೇಕು. ನೀನು ಓದು."

ಅವಳು ಫ್ರಿಜ್ಜಿನ ಬಾಗಿಲಿಂದ ಹಾಳೆ ಕಿತ್ತು ತಂದಳು. ಸುಳ್ಳು ಗುರುತುಗಳಿದ್ದ ಬದಿಯನ್ನು ನೋಡಲಾಗದೆ ಪೆನ್ನಿನಿಂದ ಎಲ್ಲವನ್ನೂ ಹೊಡೆದು ಹಾಕಿದಳು. ಸಾಮಾನನ್ನು ಸಾಲಾಗಿ ಜೋಡಿಸಿದಳು. ಮೇಷ್ಟ್ರು ನೆಲದ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿದರು.

"ಔಷಧಿ ಡಬ್ಬಿ."

ಅವರು ಕೈಯಾಡಿಸಿ ಹುಡುಕಿದರು, ಮುಚ್ಚಳ ಸವರಿದರು. "ಇದೆ."

"ಮಳೆ ಕೋಟು ನಾಲ್ಕು."

ಒಂದೊಂದನ್ನೂ ಎತ್ತಿ ಎಣಿಸಿದರು. "ಇದೆ."

ಹಗ್ಗ ಇತ್ತು. ಕ್ಲಿಪ್ಪು ಹನ್ನೊಂದೇ ಸಿಕ್ಕಿದ್ದವು. ಅವರು ಚೀಲದ ಮೂಲೆಗೆ ಕೈ ಹಾಕಿ ಹನ್ನೆರಡನೆಯದನ್ನು ಹುಡುಕಿ ತೆಗೆದ ಮೇಲೆಯೇ ಮುಂದಕ್ಕೆ ಹೋಗಲು ಬಿಟ್ಟದ್ದು. ಟಾರ್ಚು ಮುಟ್ಟಿದಾಗ ಗುಂಡಿ ಒತ್ತಿ, ಬೆಳಕು ಬಂತೇ ಎಂದು ಅವಳನ್ನು ಕೇಳಿದರು. ಬಂತು ಎಂದಳು. ಹೀಗೆ ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಇಷ್ಟು ಚೆನ್ನಾಗಿ ಅವರು ಯಾವ ಭಾನುವಾರವೂ ಲೆಕ್ಕ ಕೊಟ್ಟಿರಲಿಲ್ಲ.

"ಅರವತ್ಮೂರು. ಸೋಪಿನ ಡಬ್ಬಿ."

"ಇದೆ."

ಅವಳು ಹಾಳೆ ಮಡಚಿದಳು. "ಆಯ್ತು. ಏಳಿ, ಚಹಾ ಮಾಡ್ತೀನಿ."

"ಇನ್ನೊಂದಿದೆ."

"ಸಾಕು ಬಿಡ್ರೀ."

"ಓದೇ."

ಅವಳು ಮಡಚಿದ ಹಾಳೆಯನ್ನು ಬಿಡಿಸಲಿಲ್ಲ, ಅದನ್ನು ನೋಡಿ ಓದಬೇಕಾಗಿಯೂ ಇರಲಿಲ್ಲ.

"ಅರವತ್ನಾಲ್ಕು. ಲೈಸೆನ್ಸು."

ಮೇಷ್ಟ್ರು ಬಗ್ಗಿ, ಸೋಪಿನ ಡಬ್ಬಿಯ ಪಕ್ಕದ ಖಾಲಿ ಜಾಗದ ಮೇಲೆ ಅಂಗೈ ಊರಿದರು. ದುಪ್ಪಟಿಯನ್ನು ಆ ತುದಿಯ ತನಕ, ಈ ತುದಿಯ ತನಕ ನಿಧಾನವಾಗಿ ಸವರಿದರು.

"ಇಲ್ಲ" ಎಂದರು.

ಅವಳು ಬರೆದುಕೊಳ್ಳಲಿಲ್ಲ. ಒಂದು ಸಾಮಾನು ಕಡಿಮೆ ಬಂದರೆ ಅದು ಸಿಗುವ ತನಕ ಕೋಣೆ ಬಿಟ್ಟು ಏಳುವ ಹಾಗಿಲ್ಲ. ಅದು ಅವಳ ಕೆಲಸದ ಕಟ್ಟಳೆ, ಅವರಿಗೂ ಗೊತ್ತಿದ್ದದ್ದೇ. ಹೊರಗಿನಿಂದ ಮುದುಕಿ ಚಹಾಕ್ಕೆಂದು ಎರಡು ಸಲ ಕೂಗಿದಳು. ಇಬ್ಬರೂ ಏಳಲಿಲ್ಲ.